ಸಮಾನತಾ ಸಮಿತಿಗೆ ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದದ್ದು

ಪ್ರಶ್ನೆ: ನಾನು ಮೈಸೂರಿನವಳು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ಇದು ಮೂರನೆಯ ವರ್ಷ; ಟೆನ್ಯೂರ್, ಅಂದರೆ ಹುದ್ದೆ ಕಾಯಂ ಆಗುವುದು, ಇನ್ನೂ ಆಗಿಲ್ಲ. ವಿಭಾಗದಲ್ಲಿ ಬಿಳಿಯರಲ್ಲದ ಹೆಂಗಸು ನಾನೊಬ್ಬಳೇ. ಕಳೆದ ವರ್ಷ ನೇಮಕಾತಿ ಸಮಿತಿಯಲ್ಲಿದ್ದೆ. ವಿದ್ಯಾರ್ಥಿನಿಯರ ಸಂಘಕ್ಕೆ ಸಲಹೆಗಾರ್ತಿಯೂ ಹೌದು. ಈಗ ಮುಖ್ಯಸ್ಥರು ಲಿಂಗ ಮತ್ತು ಜನಾಂಗ ಸಮಾನತೆಯ ಸಮಿತಿಗೂ ಸೇರಿ ಎನ್ನುತ್ತಿದ್ದಾರೆ. ಬೇಡವೆಂದರೆ ಸ್ವಾರ್ಥಿ ಎನ್ನಿಸಿಕೊಳ್ಳುತ್ತೇನೆ, ಹೂಂ ಎಂದರೆ ಸಂಶೋಧನೆಗೆ ಕತ್ತರಿ ಬೀಳುತ್ತದೆ. ಇಂಥ ಸಮಿತಿಗಳಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ಇನ್ನೊಂದು ಮಾತು. ನನ್ನನ್ನು ಕೋಟಾದಲ್ಲಿ ತೆಗೆದುಕೊಂಡರು ಎಂದು ಸಹೋದ್ಯೋಗಿಯೊಬ್ಬರು ಆಡಿಕೊಂಡದ್ದು ಕಿವಿಗೆ ಬಿತ್ತು. ಅಂದಿನಿಂದ ಮನಸ್ಸು ಸರಿಯಿಲ್ಲ.

ಉತ್ತರ: ಕೋಟಾದ ಮಾತನ್ನು ಮೊದಲು ಮುಗಿಸಿಬಿಡೋಣ. ಅದು ಮನಸ್ಸಿನಲ್ಲಿ ಕೂತಿರುವಷ್ಟು ದಿನ ನೀವು ಯಾವ ಸಮಿತಿಯಲ್ಲೂ ಬಾಯಿ ಬಿಟ್ಟು ಮಾತನಾಡಲಾರಿರಿ.

2010ರಲ್ಲಿ ಕೆನಡಾ ಸರ್ಕಾರ ಜಗತ್ತಿನ ಅತ್ಯುತ್ತಮ ಸಂಶೋಧಕರನ್ನು ಕರೆತರುತ್ತೇವೆ ಎಂದು 19 ವಿಶೇಷ ಸಂಶೋಧನಾ ಪೀಠಗಳನ್ನು, ಅಂದರೆ ಸಂಶೋಧನೆಯ ಹಣವೂ ಸೇರಿದ ಪ್ರಾಧ್ಯಾಪಕ ಹುದ್ದೆಗಳನ್ನು, ಪ್ರಕಟಿಸಿತು. ಒಂದೊಂದು ಪೀಠಕ್ಕೂ ಏಳು ವರ್ಷಕ್ಕೆ ಒಂದು ಕೋಟಿ ಡಾಲರ್‌ವರೆಗೆ ಹಣ. ಆಯ್ಕೆಯಾದ 19 ಮಂದಿಯೂ ಗಂಡಸರು. ದೇಶದಲ್ಲಿ ಗದ್ದಲವಾಗಿ, ಹೀಗೇಕಾಯಿತು ಎಂದು ನೋಡಿದಾಗ ಕಂಡ ಕಾರಣಗಳು ಬಹಳ ಸಾಮಾನ್ಯವಾದವು: ಹೆಂಗಸರು ಕಡಿಮೆಯಿರುವ ವಿಷಯಗಳನ್ನೇ ಆರಿಸಿಕೊಂಡದ್ದು, ಅವಸರದ ಗಡುವು, ಗುರುತಿನವರಿಗೆ ಗುರುತಿನವರು ಫೋನ್ ಮಾಡಿ ಹೆಸರು ಸೂಚಿಸಿದ್ದು. ಆ ಹತ್ತೊಂಬತ್ತು ಜನರಲ್ಲಿ ಒಬ್ಬರನ್ನೂ ಕೋಟಾದಲ್ಲಿ ಬಂದವರೆಂದು ಯಾರೂ ಕರೆಯಲಿಲ್ಲ. ಪರಿಚಯದ ದಾರಿಯಲ್ಲಿ ಬಂದವನ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಬಹಿರಂಗ ಜಾಹೀರಾತು, ಬರೆದಿಟ್ಟ ಮಾನದಂಡ, ಹಲವರ ಪರಿಶೀಲನೆ ದಾಟಿ ಬಂದ ನಿಮ್ಮನ್ನು ಮಾತ್ರ ಕೇಳುತ್ತಾರೆ. ನಿಮ್ಮದು ಮೀಸಲು ಜಾಹೀರಾತಿನ ಹುದ್ದೆಯೇ ಆಗಿದ್ದರೂ ಅದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಕೆನಡಾದ ಹಕ್ಕುಗಳ ಸನ್ನದಿನ 15ನೆಯ ಕಲಮಿನ ಎರಡನೆಯ ಭಾಗವೂ ಒಂಟಾರಿಯೊ ಮಾನವ ಹಕ್ಕು ಸಂಹಿತೆಯ 14ನೆಯ ಕಲಮೂ ಇಂಥ ವಿಶೇಷ ಕ್ರಮಗಳಿಗೆ ಸ್ಪಷ್ಟ ಒಪ್ಪಿಗೆ ಕೊಟ್ಟಿವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಮಿತಿಗಳಿಂದ ಬದಲಾವಣೆ ಆಗುತ್ತದೆ, ಆದರೆ ಎಲ್ಲ ಸಮಿತಿಗಳಿಂದಲ್ಲ. ಈ ದೇಶದ ನೇಮಕಾತಿ ಮತ್ತು ಬಡ್ತಿ ಸಮಿತಿಗಳಲ್ಲಿ ಬಹುಕಾಲ ಕೂತವಳಾಗಿ ನಾನು ಕಂಡುಕೊಂಡದ್ದು ಇಷ್ಟೇ: ಸಂಬಳ, ಸಮಯ, ಜಾಗ, ಹುದ್ದೆ ಇವುಗಳನ್ನು ಯಾರು ಯಾರಿಗೆ ಎಷ್ಟು ಹಂಚಿದರು ಎಂಬ ಲೆಕ್ಕ ಕೇಳುವ ಅಧಿಕಾರ ಯಾವ ಸಮಿತಿಗಿದೆಯೋ ಅದು ಕೆಲಸ ಮಾಡುತ್ತದೆ. ಆ ಅಧಿಕಾರವಿಲ್ಲದ ಸಮಿತಿ ಮಾರ್ಚ್ 8ರಂದು ಉಪನ್ಯಾಸ ಏರ್ಪಡಿಸುತ್ತದೆ, ಹೆಣ್ಣುಮಕ್ಕಳಿಗೆ ಆತ್ಮವಿಶ್ವಾಸದ ಕಾರ್ಯಾಗಾರ ನಡೆಸುತ್ತದೆ, ವರ್ಷದ ಕೊನೆಗೆ ವರದಿ ಸಲ್ಲಿಸುತ್ತದೆ. ಹೆಂಗಸರಿಗೆ ಆತ್ಮವಿಶ್ವಾಸದ ಕೊರತೆಯಿದೆ ಎಂಬ ನಂಬಿಕೆಯೇ ನನಗೆ ಸಿಟ್ಟು ತರಿಸುತ್ತದೆ. ಕೊರತೆ ಇರುವುದು ಹಂಚುವವರ ಲೆಕ್ಕಪತ್ರದಲ್ಲಿ.

ಇದಕ್ಕೆ ಕೆನಡಾದಲ್ಲೇ ಒಳ್ಳೆಯ ಸಾಕ್ಷಿಯಿದೆ. 2000ದಲ್ಲಿ ಕೆನಡಾ ರಿಸರ್ಚ್ ಚೇರ್ಸ್ ಯೋಜನೆ ಶುರುವಾಯಿತು. ದೇಶಾದ್ಯಂತ 2,000 ಸಂಶೋಧನಾ ಪೀಠಗಳು, ಹಣವೆಲ್ಲ ಕೇಂದ್ರ ಸರ್ಕಾರದ್ದು. ಪೀಠಗಳು ಬಹುಪಾಲು ಬಿಳಿಯ ಗಂಡಸರ ಪಾಲಾಗುತ್ತಿರುವುದನ್ನು ಕಂಡು 2003ರಲ್ಲಿ ಎಂಟು ಮಂದಿ ಪ್ರಾಧ್ಯಾಪಕಿಯರು ಕೆನಡಾದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಹೆಂಗಸರ ಜೊತೆಗೆ ಮೂಲನಿವಾಸಿಗಳು, ಅಂಗವಿಕಲರು, ಬಿಳಿಯರಲ್ಲದವರು ಎಲ್ಲರ ಪರವಾಗಿಯೂ ಅವರು ನ್ಯಾಯ ಕೇಳಿದ್ದರು. 2006ರಲ್ಲಿ ರಾಜಿ ಒಪ್ಪಂದವಾಯಿತು. ವಿಶ್ವವಿದ್ಯಾಲಯಗಳು ತಮ್ಮ ಗುರಿಗಳನ್ನು ತಾವೇ ನಿಗದಿ ಮಾಡಿಕೊಂಡು ತಲುಪಬೇಕು ಎಂದಾಯಿತು. ತಲುಪದಿದ್ದರೆ? ಏನೂ ಇಲ್ಲ. ಹನ್ನೊಂದು ವರ್ಷ ಹಾಗೆಯೇ ಕಳೆಯಿತು. ಗುರಿ ಕಾಗದದ ಮೇಲಿತ್ತು, ಪೀಠಗಳು ಮೊದಲಿನ ದಾರಿಯಲ್ಲೇ ಹೋಗುತ್ತಿದ್ದವು.

2017ರಲ್ಲಿ ಆಗಿನ ವಿಜ್ಞಾನ ಸಚಿವೆ ಕರ್ಸ್ಟಿ ಡಂಕನ್ ಖಂಡಿತವಾಗಿ ಹೇಳಿದರು: ಐದು ಅಥವಾ ಹೆಚ್ಚು ಪೀಠಗಳಿರುವ ಪ್ರತಿ ಸಂಸ್ಥೆಯೂ ಡಿಸೆಂಬರ್‌ನೊಳಗೆ ಸಮಾನತೆಯ ಕ್ರಿಯಾಯೋಜನೆ ಪ್ರಕಟಿಸಬೇಕು, ಇಲ್ಲವಾದರೆ ಹಣ ತಡೆಹಿಡಿಯಲಾಗುತ್ತದೆ. 2019ರಲ್ಲಿ ಒಪ್ಪಂದಕ್ಕೆ ತಿದ್ದುಪಡಿ ಬಂತು. 2029ರ ಹೊತ್ತಿಗೆ ಪೀಠಗಳಲ್ಲಿ ಹೆಂಗಸರು ಶೇ 50.9, ಬಿಳಿಯರಲ್ಲದವರು ಶೇ 22, ಅಂಗವಿಕಲರು ಶೇ 7.5, ಮೂಲನಿವಾಸಿಗಳು ಶೇ 4.9 ಇರಬೇಕು ಎಂದು ಬರೆದರು. ಈ ಅಂಕಿಗಳು ದೇಶದ ಜನಸಂಖ್ಯೆಯ ಪ್ರಮಾಣದಿಂದ ಬಂದವು. ಹಿಂದೆ ಬಿದ್ದ ಸಂಸ್ಥೆ ಗುರಿ ಮುಟ್ಟುವವರೆಗೆ ಆ ಗುಂಪುಗಳವರನ್ನೇ ನಾಮನಿರ್ದೇಶನ ಮಾಡಬೇಕು. 2017ರಲ್ಲಿ ಮೂರನೆಯ ಒಂದು ಭಾಗವನ್ನೂ ಮುಟ್ಟದಿದ್ದ ಹೆಂಗಸರ ಪಾಲು ಐದಾರು ವರ್ಷಗಳಲ್ಲಿ ಶೇ 40ರ ಆಸುಪಾಸಿಗೆ ಬಂತು. ಆ ಐದಾರು ವರ್ಷಗಳಲ್ಲಿ ಕೆನಡಾದ ಹೆಂಗಸರ ಬುದ್ಧಿ ಏಕಾಏಕಿ ಬೆಳೆಯಲಿಲ್ಲ. ಹಣಕ್ಕೆ ಕುತ್ತು ಬಂದಾಗ ಹುಡುಕುವ ಕಣ್ಣು ತೆರೆಯಿತು, ಅಷ್ಟೆ. ಮೀಸಲು ಜಾಹೀರಾತುಗಳ ವಿರುದ್ಧ ಪತ್ರಿಕೆಗಳಲ್ಲಿ ಬಂದ ಆಕ್ಷೇಪಗಳನ್ನು ನಾನು ಓದಿದ್ದೇನೆ, ಅವು ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ಹನ್ನೊಂದು ವರ್ಷ ಮನವೊಲಿಸಿ ನೋಡಿದ ಮೇಲೆ ಬಂದ ಕ್ರಮ ಇದು ಎಂಬುದನ್ನು ಆಕ್ಷೇಪಿಸುವವರು ಹೇಳುವುದಿಲ್ಲ.

ಸಂಬಳದ ವಿಷಯದಲ್ಲೂ ಹೀಗೆಯೇ ಆಯಿತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ 2013ರಲ್ಲಿ ತನ್ನ ಪ್ರಾಧ್ಯಾಪಕಿಯರಿಗೆ ಶೇ 2ರಷ್ಟು ಸಂಬಳ ಏರಿಸಿತು. ಮ್ಯಾಕ್‌ಮಾಸ್ಟರ್ 2015ರಲ್ಲಿ ವರ್ಷಕ್ಕೆ 3,515 ಡಾಲರ್, ವಾಟರ್‌ಲೂ 2016ರಲ್ಲಿ 2,905 ಡಾಲರ್, ಟೊರಾಂಟೊ 2019ರಲ್ಲಿ ಶೇ 1.3 ಸೇರಿಸಿದವು. ಲೆಕ್ಕ ಹಾಕಿದ ಬಗೆ ಸರಳ. ಒಂದೇ ಶ್ರೇಣಿ, ಒಂದೇ ಬಗೆಯ ವಿಭಾಗ, ಅಷ್ಟೇ ವರ್ಷದ ಅನುಭವ ಇರುವ ಗಂಡಸು ಮತ್ತು ಹೆಂಗಸರನ್ನು ಅಂಕಿಸಂಖ್ಯೆಯ ವಿಧಾನದಿಂದ ಹೋಲಿಸಿ, ಬೇರಾವ ಕಾರಣವೂ ವಿವರಿಸದೆ ಉಳಿದ ವ್ಯತ್ಯಾಸವನ್ನು ಅಳೆದರು. ವಾಟರ್‌ಲೂನ 2,905 ಡಾಲರ್ ದೊಡ್ಡ ಮೊತ್ತವೆಂದು ಅನ್ನಿಸದಿರಬಹುದು. ಇಪ್ಪತ್ತೈದು ವರ್ಷದ ಕೆಲಸಕ್ಕೆ, ವಾರ್ಷಿಕ ಹೆಚ್ಚಳ ಮತ್ತು ಬಡ್ಡಿ ಬಿಟ್ಟೇ, ಅದು 72,625 ಡಾಲರ್ ಆಗುತ್ತದೆ. ಪಿಂಚಣಿಯ ನಷ್ಟ ಬೇರೆ. ಯಾವ ಕಾರ್ಯಾಗಾರವೂ ಇಷ್ಟನ್ನು ಒಬ್ಬ ಹೆಂಗಸಿನ ಕೈಗೆ ತಂದುಕೊಟ್ಟಿಲ್ಲ.

ನೀವು ಒಂಟಾರಿಯೊದಲ್ಲಿದ್ದೀರಿ, ಆದ್ದರಿಂದ ನಿಮಗೊಂದು ಅನುಕೂಲವಿದೆ. 1996ರ ಕಾನೂನಿನ ಪ್ರಕಾರ ಸಾರ್ವಜನಿಕ ವಲಯದಲ್ಲಿ ಒಂದು ಲಕ್ಷ ಡಾಲರ್ ಮತ್ತು ಅದಕ್ಕೂ ಹೆಚ್ಚು ಸಂಬಳ ಪಡೆಯುವ ಪ್ರತಿಯೊಬ್ಬರ ಹೆಸರೂ ಸಂಬಳವೂ ಪ್ರತಿ ವರ್ಷ ಮಾರ್ಚ್ ಕೊನೆಯೊಳಗೆ ಪ್ರಕಟವಾಗುತ್ತವೆ. ಸನ್‌ಶೈನ್ ಪಟ್ಟಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಒಂದು ಸಂಜೆ ಕೂತು ನಿಮ್ಮ ವಿಭಾಗದವರ ಹೆಸರುಗಳನ್ನು ಹುಡುಕಿ. ಪಿಎಚ್‌ಡಿ ಮುಗಿಸಿದ ವರ್ಷ, ಸೇರಿದ ವರ್ಷ, ಶ್ರೇಣಿ, ಸಂಬಳ ಎಂದು ನಾಲ್ಕು ಅಂಕಣ ಮಾಡಿ. ಮೊದಲೆರಡು ಅವರವರ ವೆಬ್ ಪುಟದಲ್ಲೇ ಸಿಗುತ್ತವೆ. ನಿಮ್ಮ ಜೊತೆಯಲ್ಲೇ ಸೇರಿದವರಿಗೂ ನಿಮಗೂ ನಡುವೆ ಅಂತರ ಕಂಡರೆ ಅದು ಎಲ್ಲಿಂದ ಬಂತೆಂದು ನೋಡಿ. ಹೆಚ್ಚಿನ ಸಲ ಅದು ಸೇರುವಾಗ ಮಾಡಿದ ಸಂಬಳದ ಮಾತುಕತೆಯಲ್ಲೇ ಹುಟ್ಟಿರುತ್ತದೆ. ಬಿಡುವ ಊರಿನಲ್ಲೊಂದು ಕೆಲಸ, ಬರುವ ಊರಿನಲ್ಲೊಂದು ಕೆಲಸ ಕೈಯಲ್ಲಿಟ್ಟುಕೊಂಡು ಚೌಕಾಸಿ ಮಾಡಿದವರಿಗೆ ಹೆಚ್ಚು ಸಿಗುತ್ತದೆ. ವೀಸಾದ ಚಿಂತೆಯಲ್ಲಿ ಮೊದಲ ಪತ್ರಕ್ಕೇ ಸಹಿ ಹಾಕಿದವರಿಗೆ ಸಿಗುವುದಿಲ್ಲ. ನಮ್ಮ ದೇಶದಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಎರಡನೆಯ ಸಾಲಿನವರು. ಕೊಟ್ಟದ್ದನ್ನು ಸ್ವೀಕರಿಸಬೇಕು, ಕೇಳಬಾರದು ಎಂದು ಕಲಿತು ಬಂದಿರುತ್ತೇವೆ.

ಅಳೆಯುವ ವಿಷಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ಅವರನ್ನು ನೆನೆಯಲೇಬೇಕು. ಜೀಬ್ರಾಮೀನುಗಳ ತೊಟ್ಟಿಗಳಿಗೆ 200 ಚದರ ಅಡಿ ಜಾಗ ಹೆಚ್ಚು ಕೇಳಿದಾಗ ಸಿಗದೆ, ಆಕೆ ಅಳತೆಪಟ್ಟಿ ಹಿಡಿದು ಕಟ್ಟಡದ ಪ್ರಯೋಗಾಲಯಗಳನ್ನೆಲ್ಲ ಅಳೆದರು. ತನ್ನ ಶ್ರೇಣಿಯ ಗಂಡಸರಿಗೆ ಎಷ್ಟು ಹೆಚ್ಚು ಜಾಗವಿದೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು. ಆಗ ಅಲ್ಲಿನ ವಿಜ್ಞಾನ ಶಾಲೆಯಲ್ಲಿ ಟೆನ್ಯೂರ್ ಪಡೆದ ಹೆಂಗಸರು ಕೇವಲ 15, ಗಂಡಸರು ಸುಮಾರು 200. ಇತರ ಪ್ರಾಧ್ಯಾಪಕಿಯರೂ ಜೊತೆಗೂಡಿ ಡೀನ್ ಬಳಿ ಹೋದರು, ಸಮಿತಿಯಾಯಿತು, 1999ರಲ್ಲಿ ಅದರ ವರದಿ ಹೊರಬಂತು. ಆ ವರದಿಯಲ್ಲಿ ನಿಮ್ಮಂಥವರು ಓದಲೇಬೇಕಾದ ಒಂದು ಮಾತಿದೆ. ಹೊಸದಾಗಿ ಸೇರಿದ ಹೆಂಗಸರು ತಮಗೆ ತಾರತಮ್ಯವೇನೂ ಆಗುತ್ತಿಲ್ಲ, ಮುಂದೆ ಸಮಸ್ಯೆಯಾದರೆ ಅದು ಮನೆ ಮತ್ತು ಕೆಲಸದ ನಡುವಿನದು ಎಂದೇ ನಂಬಿದ್ದರು. ಹಿರಿಯರೂ ತಮ್ಮ ಕಾಲದಲ್ಲಿ ಹಾಗೆಯೇ ನಂಬಿದ್ದವರು. ಬದಿಗೊತ್ತುವುದು ಶುರುವಾಗುವುದು ಹಂಚಿಕೊಳ್ಳಲು ಏನಾದರೂ ಇರುವ ಮಟ್ಟಕ್ಕೆ ಏರಿದ ಮೇಲೆ.

ಮೌಲ್ಯಮಾಪನದ ವಿಷಯಕ್ಕೆ ಬರುತ್ತೇನೆ, ಟೆನ್ಯೂರ್ ದಾರಿಯಲ್ಲಿ ನಿಮ್ಮನ್ನು ನೇರವಾಗಿ ತಟ್ಟುವುದು ಇದೇ. ಕೆನಡಾದ ಆರೋಗ್ಯ ಸಂಶೋಧನಾ ಸಂಸ್ಥೆ ಒಂದು ಕಾಲದಲ್ಲಿ ತನ್ನ ಅನುದಾನವನ್ನು ಎರಡು ಬಗೆಯಾಗಿ ಒಡೆದಿತ್ತು. ಒಂದರಲ್ಲಿ ಮುಖ್ಯವಾಗಿ ಯೋಜನೆಯನ್ನು ತೂಗುತ್ತಿದ್ದರು, ಇನ್ನೊಂದರಲ್ಲಿ ಸಂಶೋಧಕರ ಯೋಗ್ಯತೆಯನ್ನು. ಸುಮಾರು 24,000 ಅರ್ಜಿಗಳನ್ನು ವಿಶ್ಲೇಷಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೀಗೆ ಹೇಳಿತು: ಯೋಜನೆಯನ್ನು ತೂಗಿದಾಗ ಹೆಂಗಸರ ಯಶಸ್ಸು ಗಂಡಸರಿಗಿಂತ ಶೇಕಡಾ ಒಂದು ಅಂಶದಷ್ಟೂ ಕಡಿಮೆಯಿರಲಿಲ್ಲ, ವ್ಯಕ್ತಿಯನ್ನು ತೂಗಿದಾಗ ಅಂತರ ನಾಲ್ಕು ಅಂಶಕ್ಕೆ ಏರಿತು. ಅಂದರೆ ಹೆಂಗಸರ ವಿಜ್ಞಾನದಲ್ಲಿ ಅಂಥ ದೋಷವಿರಲಿಲ್ಲ. ಈಕೆ ಎಂಥ ವಿಜ್ಞಾನಿ ಎಂದು ಕೇಳಿದ ಕೂಡಲೇ ಅಂಕ ಕುಸಿಯುತ್ತಿತ್ತು.

ವಿದ್ಯಾರ್ಥಿಗಳು ಸೆಮಿಸ್ಟರ್ ಕೊನೆಗೆ ತುಂಬುವ ಹಾಳೆಯ ಕತೆಯೂ ಇದೇ. ಉಚ್ಚಾರಣೆ ಅರ್ಥವಾಗುವುದಿಲ್ಲ, ನಗುವುದಿಲ್ಲ ಎಂಬ ಮಾತುಗಳನ್ನು ನೀವು ಈಗಾಗಲೇ ಓದಿರುತ್ತೀರಿ. 2018ರಲ್ಲಿ ಟೊರಾಂಟೊದ ರಯರ್ಸನ್ ವಿಶ್ವವಿದ್ಯಾಲಯದ ವ್ಯಾಜ್ಯದಲ್ಲಿ ಮಧ್ಯಸ್ಥಗಾರ ವಿಲಿಯಂ ಕ್ಯಾಪ್ಲನ್ ಅವರು, ಈ ಹಾಳೆಗಳ ಅಂಕವನ್ನು ಟೆನ್ಯೂರ್ ಅಥವಾ ಬಡ್ತಿಗಾಗಿ ಬೋಧನೆಯ ಗುಣಮಟ್ಟದ ಅಳತೆಗೋಲಾಗಿ ಬಳಸಕೂಡದು ಎಂದು ತೀರ್ಪು ಕೊಟ್ಟರು. ಇಂದು ಆ ಸಂಸ್ಥೆಯ ಹೆಸರು ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ. ತೀರ್ಪು ಆ ಒಂದು ಸಂಸ್ಥೆಯ ಒಪ್ಪಂದಕ್ಕೆ ಸಂಬಂಧಿಸಿದ್ದು. ನಿಮ್ಮ ಪ್ರಾಧ್ಯಾಪಕರ ಸಂಘದ ಒಪ್ಪಂದದಲ್ಲಿ ಈ ಬಗ್ಗೆ ಏನು ಬರೆದಿದೆ ಎಂದು ಈ ವಾರವೇ ತೆರೆದು ಓದಿ.

ನೇಮಕಾತಿಯಲ್ಲಿ ನಾನು ಪಟ್ಟು ಹಿಡಿಯುವುದು ಒಂದೇ ಅಭ್ಯಾಸಕ್ಕೆ. ಅರ್ಜಿಗಳ ಕಡತ ತೆರೆಯುವ ಮೊದಲು ಮಾನದಂಡಗಳನ್ನು ಒಂದು ಪುಟದಲ್ಲಿ ಬರೆದು ಎಲ್ಲರೂ ಒಪ್ಪಬೇಕು. ಆಮೇಲೆ ಯಾರಾದರೂ ಈ ಅಭ್ಯರ್ಥಿ ನಮಗೆ ಚೆನ್ನಾಗಿ ಹೊಂದುತ್ತಾರೆ ಎಂದರೆ, ಅದು ಪುಟದ ಎಷ್ಟನೆಯ ಸಾಲು ಎಂದು ಕೇಳುತ್ತೇನೆ. ಹೊಂದುತ್ತಾರೆ ಎಂಬ ಮಾತಿಗೆ ಸಾಲು ಸಿಗುವುದಿಲ್ಲ. ಶಿಫಾರಸು ಪತ್ರಗಳನ್ನು ಓದುವಾಗಲೂ ಎಚ್ಚರ ಬೇಕು. ಗಂಡಸಿನ ಪತ್ರದಲ್ಲಿ ಮೇಧಾವಿ, ಹೊಸ ದಾರಿ ತೆರೆದವನು ಎಂದಿರುವ ಕಡೆ ಹೆಂಗಸಿನ ಪತ್ರದಲ್ಲಿ ಶ್ರಮಜೀವಿ, ಎಲ್ಲರೊಂದಿಗೂ ಬೆರೆಯುವವಳು ಎಂದಿರುತ್ತದೆ. ಇಬ್ಬರ ಪ್ರಕಟಣೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಆ ವಿಶೇಷಣಗಳಿಗೆ ಆಧಾರವೇ ಕಾಣದೆ ಹೋದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ನಿಮ್ಮ ಸಮಯ. ಹೆಂಗಸರೇ ಏಕೆ ಎಲ್ಲ ಸಮಿತಿಗಳಲ್ಲೂ ಇರುತ್ತಾರೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞೆಯರ ತಂಡವೊಂದು ಪ್ರಯೋಗ ಮಾಡಿ ನೋಡಿತು. ಲಿಂಡಾ ಬ್ಯಾಬ್‌ಕಾಕ್, ಲೀಸ್ ವೆಸ್ಟರ್‌ಲಂಡ್ ಮತ್ತು ಸಂಗಡಿಗರ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂವರ ಗುಂಪು, ಎರಡು ನಿಮಿಷ. ಒಬ್ಬರು ಗುಂಡಿ ಒತ್ತಿದರೆ ಉಳಿದಿಬ್ಬರಿಗೆ 2 ಡಾಲರ್, ಒತ್ತಿದವರಿಗೆ 1.25 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ ಒಂದೊಂದೇ ಡಾಲರ್. ಹೆಂಗಸರು ಗಂಡಸರು ಬೆರೆತ ಗುಂಪಿನಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಅರ್ಧಪಟ್ಟು ಹೆಚ್ಚು ಸಲ ಒತ್ತಿದರು. ಆದರೆ ಬರೀ ಗಂಡಸರ ಗುಂಪಿನಲ್ಲಿ ಗಂಡಸರೂ ಬರೀ ಹೆಂಗಸರ ಗುಂಪಿನವರಷ್ಟೇ ಒತ್ತಿದರು. ಹಾಗಾದರೆ ಇದು ಹೆಣ್ಣಿನ ಸ್ವಭಾವವಲ್ಲ. ಕೋಣೆಯಲ್ಲಿ ಹೆಂಗಸಿದ್ದರೆ ಅವಳು ಮಾಡುತ್ತಾಳೆ ಎಂದು ಎಲ್ಲರೂ, ಅವಳೂ, ನಿರೀಕ್ಷಿಸುತ್ತಾರೆ. ಮುಖ್ಯಸ್ಥರು ನಿಮ್ಮನ್ನೇ ಕರೆದದ್ದರ ಹಿಂದೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಹೆಂಗಸೂ ಬೇಕು, ಬಿಳಿಯರಲ್ಲದವರೂ ಬೇಕು ಎಂಬ ಎರಡು ಅಗತ್ಯಗಳು ನಿಮ್ಮೊಬ್ಬರಲ್ಲೇ ಪೂರೈಸುತ್ತವೆ. ಅದಕ್ಕಾಗಿಯೇ ನಿಮ್ಮ ಮೇಲೆ ಎರಡು ಪಟ್ಟು ಹೊರೆ.

ಈ ಮಾತಿಗೆ ಇನ್ನೊಂದು ಮುಖವಿದೆ. ಕೆಲಸಕ್ಕೆ ಕರೆಯುವಾಗ ಎರಡೂ ಗುರುತುಗಳು ಒಟ್ಟಿಗೆ ಬರುತ್ತವೆ, ಪಾಲು ಹಂಚುವಾಗ ಬೇರೆಯಾಗುತ್ತವೆ. ಹೆಂಗಸರದ್ದೊಂದು ಎಣಿಕೆ, ಬಿಳಿಯರಲ್ಲದವರದ್ದೊಂದು ಎಣಿಕೆ ಎಂದು ಮಾಡಿದರೆ, ಬಿಳಿಯ ಹೆಂಗಸರು ಮತ್ತು ಬಿಳಿಯರಲ್ಲದ ಗಂಡಸರನ್ನು ತೆಗೆದುಕೊಂಡೇ ಎರಡೂ ಗುರಿ ಮುಟ್ಟಬಹುದು. ಕಪ್ಪು ಹೆಂಗಸರು, ಮೂಲನಿವಾಸಿ ಹೆಂಗಸರು ಒಬ್ಬರೂ ಇಲ್ಲದೆಯೂ ವರದಿ ಚೆನ್ನಾಗಿಯೇ ಕಾಣುತ್ತದೆ. ಸಮಾನತಾ ನೀತಿಗಳ ಫಲ ಬಹುಪಾಲು ಬಿಳಿಯ ಹೆಂಗಸರಿಗೇ ಸಂದಿದೆ ಎಂದು ರಾಜಕೀಯಶಾಸ್ತ್ರಜ್ಞೆ ಮಲಿಂಡಾ ಸ್ಮಿತ್ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ನಾನು ಮೇಲೆ ಹೇಳಿದ ಸಂಬಳದ ಏರಿಕೆಗಳೂ ಲಿಂಗದ ಲೆಕ್ಕದ ಮೇಲೆ ಬಂದವೇ. ಬಿಳಿಯರಲ್ಲದವರು ಎಂಬ ಒಂದೇ ಚೀಲದಲ್ಲಿ ಚೀನೀ ಮೂಲದವರು, ಭಾರತೀಯರು, ಕಪ್ಪು ಜನರು ಎಲ್ಲರನ್ನೂ ತುಂಬಿದಾಗ, ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ನಮ್ಮವರು ಸಾಕಷ್ಟು ಇರುವುದರಿಂದ ಕಪ್ಪು ಜನರ ಗೈರುಹಾಜರಿ ಮುಚ್ಚಿಹೋಗುತ್ತದೆ. ಉದ್ಯೋಗ ಸಮಾನತೆಯ ಕಾನೂನನ್ನು ಪರಿಶೀಲಿಸಿದ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಡೆಲ್ ಬ್ಲ್ಯಾಕೆಟ್ ನೇತೃತ್ವದ ಕಾರ್ಯಪಡೆ 2023ರಲ್ಲಿ ಕಪ್ಪು ನೌಕರರನ್ನು ಪ್ರತ್ಯೇಕ ಗುಂಪಾಗಿ ಎಣಿಸಿ ಎಂದು ಶಿಫಾರಸು ಮಾಡಿದ್ದು ಇದಕ್ಕೇ. ನೀವು ಸಮಿತಿಗೆ ಹೋದರೆ ಮೊದಲು ಕೇಳಬೇಕಾದದ್ದು ಈ ಒಡೆದು ತೋರಿಸಿದ ಅಂಕಿಗಳನ್ನು. ಸಂಖ್ಯೆ ಚಿಕ್ಕದಿದ್ದರೆ ಗೋಪ್ಯತೆಯ ಕಾರಣ ಹೇಳುತ್ತಾರೆ. ಆಗ ವಿಭಾಗದ ಬದಲು ಇಡೀ ಎಂಜಿನಿಯರಿಂಗ್ ನಿಕಾಯದ ಅಂಕಿ ಕೇಳಿ.

ನಮ್ಮವರಿಗೆ ಇನ್ನೂ ಒಂದು ಮಾತು ಹೇಳಬೇಕು. ಊರಿನಲ್ಲಿ ಮೀಸಲಾತಿಯ ಮಾತು ಬಂದರೆ ಪ್ರತಿಭೆಗೆ ಅನ್ಯಾಯ ಎಂದು ಸಿಡಿಯುವ ಮನೆಗಳಿಂದಲೇ ನಮ್ಮಲ್ಲಿ ಅನೇಕರು ಬಂದವರು. ಇಲ್ಲಿ ಅದೇ ಪ್ರತಿಭೆಯ ಮಾತು ನಿಮ್ಮ ಬೆನ್ನ ಹಿಂದೆ ಕೇಳಿಬಂದಾಗ ಎಷ್ಟು ನೋಯುತ್ತದೆ ಎಂದು ನಿಮಗೀಗ ಗೊತ್ತಿದೆ. ಜಾತಿಯೂ ನಮ್ಮ ಸಂಗಡ ವಿಮಾನ ಹತ್ತಿ ಬಂದಿದೆ. ಒಂಟಾರಿಯೊ ಮಾನವ ಹಕ್ಕು ಆಯೋಗ 2023ರಲ್ಲಿ, ಜಾತಿ ಆಧಾರಿತ ತಾರತಮ್ಯವೂ ಪ್ರಾಂತ್ಯದ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಭಾರತೀಯ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ದಲಿತ ವಿದ್ಯಾರ್ಥಿನಿಯೊಬ್ಬಳು ಅಡ್ಡಹೆಸರು ಕೇಳುವವರೆಗೂ ಉಸಿರು ಬಿಗಿಹಿಡಿದು ಕೂರುತ್ತಾಳೆ. ಆ ಸಮಿತಿಯಲ್ಲಿ ಇದನ್ನು ಗುರುತಿಸಬಲ್ಲವರು ನೀವೊಬ್ಬರೇ ಇರಬಹುದು. ನಿಮ್ಮ ನೀತಿಪತ್ರದಲ್ಲಿ ಜಾತಿ ಎಂಬ ಪದ ಇದೆಯೇ ನೋಡಿ, ಇಲ್ಲವಾದರೆ ಸೇರಿಸಲು ಕೇಳಿ.

ಹೆರಿಗೆ ರಜೆಗಾಗಿ ಟೆನ್ಯೂರ್ ಗಡುವು ಮುಂದೂಡುವ ಬಗ್ಗೆ ನೀವು ಕೇಳಿಲ್ಲ, ಆದರೂ ಸಮಿತಿಯಲ್ಲಿ ಆ ಚರ್ಚೆ ಬಂದೇ ಬರುತ್ತದೆ. ತಂದೆ ತಾಯಿ ಇಬ್ಬರಿಗೂ ಒಂದೇ ತೆರನಾಗಿ ಗಡುವು ವಿಸ್ತರಿಸುವುದು ಕೇಳಲು ನ್ಯಾಯವಾಗಿದೆ. ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ವಿಭಾಗಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ನಿಯಮ ಬಂದ ಕಡೆ ಮೊದಲ ಕೆಲಸದಲ್ಲೇ ಟೆನ್ಯೂರ್ ಪಡೆಯುವ ಗಂಡಸರ ಪ್ರಮಾಣ ಏರಿತ್ತು, ಹೆಂಗಸರದ್ದು ಇಳಿದಿತ್ತು. ಗಂಡಸರು ಆ ವರ್ಷದಲ್ಲಿ ದೊಡ್ಡ ಪತ್ರಿಕೆಗಳಿಗೆ ಲೇಖನ ಬರೆದರು. ಒಳ್ಳೆಯ ಉದ್ದೇಶದ ನಿಯಮವನ್ನೂ ಜಾರಿಯಾದ ಮೇಲೆ ಅಳೆಯಬೇಕು.

ಹಾಗಾದರೆ ಸೇರಬೇಕೇ? ನೀವು ಬರೆದದ್ದನ್ನು ನೋಡಿದರೆ ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಹೊರೆ ಹೆಚ್ಚಿದೆ. ವಿದ್ಯಾರ್ಥಿನಿಯರ ಸಂಘವನ್ನು ಒಬ್ಬ ಗಂಡಸು ಸಹೋದ್ಯೋಗಿಗೆ ವಹಿಸಿ. ಅವರಿಗೂ ಅದರಿಂದ ಒಳಿತಾಗುತ್ತದೆ. ಸಮಾನತಾ ಸಮಿತಿಗೆ ಷರತ್ತಿನ ಮೇಲೆ ಒಪ್ಪಿಕೊಳ್ಳಿ. ಮುಖ್ಯಸ್ಥರಿಗೆ ಹೀಗೆ ಇಮೇಲ್ ಬರೆಯಿರಿ: ಕರೆದದ್ದಕ್ಕೆ ಧನ್ಯವಾದ, ಈ ಕೆಲಸ ನನಗೆ ಮುಖ್ಯ. ಸಮಿತಿಗೆ ಸಂಬಳ, ಬೋಧನಾ ಹೊರೆ, ಸಮಿತಿ ಕೆಲಸ ಮತ್ತು ಪ್ರಯೋಗಾಲಯದ ಜಾಗದ ಹಂಚಿಕೆಯ ಅಂಕಿಗಳು ಸಿಗುತ್ತವೆಯೇ? ಅದರ ಶಿಫಾರಸಿಗೆ ಡೀನ್ ಲಿಖಿತ ಉತ್ತರ ಕೊಡಲೇಬೇಕೇ? ಅಧ್ಯಕ್ಷತೆಯನ್ನು ಟೆನ್ಯೂರ್ ಇರುವ ಪೂರ್ಣ ಪ್ರಾಧ್ಯಾಪಕರು ವಹಿಸುತ್ತಾರೆಯೇ? ನನ್ನ ಅವಧಿಗೆ ಒಂದು ಕೋರ್ಸ್ ಕಡಿಮೆ ಮಾಡುತ್ತೀರಾ, ಮತ್ತು ಈ ಕೆಲಸ ನನ್ನ ಟೆನ್ಯೂರ್ ಕಡತದಲ್ಲಿ ಯಾವ ತಲೆಬರಹದಡಿ ದಾಖಲಾಗುತ್ತದೆ?

ಮೊದಲ ಎರಡು ಪ್ರಶ್ನೆಗಳಿಗೆ ಇಲ್ಲ ಎಂದು ಉತ್ತರ ಬಂದರೆ ಟೆನ್ಯೂರ್ ಆಗುವವರೆಗೆ ಆ ಸಮಿತಿಯಿಂದ ದೂರವಿರಿ. ನೀವು ಕಾಯಂ ಆಗಿ ಉಳಿಯುವುದೇ ನಿಮ್ಮ ವಿಭಾಗದಲ್ಲಿ ಸಮಾನತೆಗೆ ಸದ್ಯಕ್ಕೆ ಆಗಬೇಕಾದ ದೊಡ್ಡ ಕೆಲಸ. ಹೌದು ಎಂದು ಬಂದರೆ ಸೇರಿ, ಮತ್ತು ಪ್ರಾಧ್ಯಾಪಕರ ಸಂಘದ ಪ್ರತಿನಿಧಿಗೂ ಆ ಇಮೇಲ್‌ನ ಒಂದು ಪ್ರತಿ ಕಳುಹಿಸಿಡಿ. ಉತ್ತರ ಲಿಖಿತವಾಗಿ ಕೈಸೇರುವವರೆಗೆ ಮೊದಲ ಸಭೆಯ ದಿನಾಂಕಕ್ಕೆ ಒಪ್ಪಿಗೆ ಕೊಡಬೇಡಿ.